ಬನ್ನೂರಿನಿಂದ ಪಶುಪತಿನಾಥಕ್ಕೆ: ಬಸ್ಸಿನಲ್ಲಿ ಹತ್ತೊಂಬತ್ತು ದಿನ

ವಿದೇಶ ಪ್ರವಾಸವೆಂದೊಡನೆ ಕಣ್ಣ ಮುಂದೆ ಬಂದು ನಿಲ್ಲುವುದು ವಿಮಾನ. ಆದರೆ ನಮ್ಮ ಬನ್ನೂರು ಸೀಮೆಯಲ್ಲಿ ನಾನು ಬಲ್ಲ ಹಿರಿಯರ ಪೈಕಿ ಪರದೇಶದ ನೆಲವನ್ನು ತುಳಿದು ಬಂದ ಅನೇಕರು ವಿಮಾನದ ಮೆಟ್ಟಿಲನ್ನು ಕಂಡವರೇ ಅಲ್ಲ. ಅವರು ಹೋದದ್ದು ಬಸ್ಸಿನಲ್ಲಿ. ಹೋದ ದೇಶ ನೇಪಾಳ. ಸುಗ್ಗಿ ಮುಗಿದು, ಭತ್ತದ ಹಣ ಕೈಸೇರಿ, ಮಕ್ಕಳ ಮದುವೆಯ ಭಾರ ಇಳಿದ ಮೇಲೆ “ಕಾಶಿಗೊಮ್ಮೆ ಹೋಗಿ ಬರೋಣ” ಎಂದು ಹೊರಡುವ ತಂಡವು ಕಾಶಿಯಲ್ಲಿಯೇ ನಿಲ್ಲುವುದಿಲ್ಲ. ಗೋರಖಪುರವನ್ನು ಹಾದು, ಸೋನೌಲಿಯ ಗಡಿಬಾಗಿಲನ್ನು ದಾಟಿ, ಕಾಠ್ಮಂಡುವಿನ ಪಶುಪತಿನಾಥನಿಗೆ ಕೈಮುಗಿದೇ ಹಿಂದಿರುಗುತ್ತದೆ. ದೇವರ ದರ್ಶನದ ವಿಷಯವನ್ನು ಬಂದವರೆಲ್ಲರೂ ಹೇಳುತ್ತಾರೆ. ಅಷ್ಟು ದಿನ ಬಸ್ಸಿನಲ್ಲಿ ಕುಳಿತ ಸೊಂಟದ, ಕಾಲಿನ, ಹೊಟ್ಟೆಯ ವಿಷಯವನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳಿದರೆ ಯಾತ್ರೆಯ ಪುಣ್ಯ ಕಡಿಮೆಯಾದೀತೆಂಬ ಭಯವಿರಬೇಕು!

2023ರ ಬೇಸಿಗೆಯ ರಜೆಯಲ್ಲಿ ನಮ್ಮ ದೊಡ್ಡಮ್ಮನವರನ್ನು ಕರೆದುಕೊಂಡು ನಾನೂ ಅಂಥದೊಂದು ಬಸ್ಸನ್ನು ಹತ್ತಿದೆ. ಅವರಿಗೆ ಆಗ ಅರವತ್ತೆಂಟು. ರೈಲಿನಲ್ಲಿ ಹೋಗೋಣವೆಂದು ನಾನು ವಾದಿಸದೆ ಇರಲಿಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿಗೆ ವಿಶೇಷ ಯಾತ್ರಾ ರೈಲು ಆರಂಭವಾಗಿದ್ದುದನ್ನೂ ತಿಳಿಸಿದೆ. “ರೈಲು ನಮ್ಮ ಮನೆ ಬಾಗ್ಲಿಗೆ ಬಂದದಾ? ಬಸ್ನಲ್ಲಾದ್ರೆ ನಮ್ಮೂರೋರೇ ಇರ್ತಾರೆ ಕಣ್ ಮಗ” ಎಂದುಬಿಟ್ಟರು. ಅದಕ್ಕೆ ಪ್ರತ್ಯುತ್ತರವಿರಲಿಲ್ಲ.

ಯಾತ್ರಿಕರು ನಲವತ್ತೆರಡು ಮಂದಿ; ಅವರಲ್ಲಿ ಇಪ್ಪತ್ತಾರು ಜನ ಹೆಂಗಸರು. ಡ್ರೈವರುಗಳಿಬ್ಬರು, ಕ್ಲೀನರೊಬ್ಬ, ಅಡುಗೆಯವರಿಬ್ಬರು. ಬಸ್ಸಿನ ಹೊಟ್ಟೆಯಲ್ಲಿ ಅಕ್ಕಿ, ಬೇಳೆ, ರಾಗಿಹಿಟ್ಟಿನ ಮೂಟೆಗಳು, ಹಂಡೆ, ಕೊಳಗ, ಒಲೆ. ಹೇಮಾದ್ರಾಂಬೆಯ ಗುಡಿಯ ಮುಂದೆ ಪೂಜೆಯಾಗಿ, ಗಾಲಿಗಳಡಿಯಲ್ಲಿ ನಿಂಬೆಯ ಹಣ್ಣುಗಳು ಅಪ್ಪಚ್ಚಿಯಾಗಿ, ಸಂಜೆಯ ಹೊತ್ತಿಗೆ ಬಸ್ಸು ಮಳವಳ್ಳಿಯ ದಾರಿ ಹಿಡಿಯಿತು. ಕನಕಪುರ, ಬೆಂಗಳೂರು, ಕರ್ನೂಲು, ಹೈದರಾಬಾದು, ನಾಗಪುರ, ಜಬಲ್ಪುರ, ರೀವಾ, ಪ್ರಯಾಗ, ಕಾಶಿ. ಅಲ್ಲಿಗೇ ಹೆಚ್ಚು ಕಡಿಮೆ 1900 ಕಿಲೋಮೀಟರು. ಕಾಶಿಯಿಂದ ಗಡಿಗೆ ಮುನ್ನೂರು, ಗಡಿಯಿಂದ ಕಾಠ್ಮಂಡುವಿಗೆ ಇನ್ನೂರೈವತ್ತಕ್ಕೂ ಮಿಗಿಲು.

ಇದನ್ನು ದೀರ್ಘ ಪ್ರಯಾಣವೆಂದು ನಾವು ಕೊಚ್ಚಿಕೊಳ್ಳುವಂತಿಲ್ಲ. 1957ರ ಏಪ್ರಿಲ್ 15ರಂದು ಇಪ್ಪತ್ತು ಪ್ರಯಾಣಿಕರನ್ನು ಹೊತ್ತ ‘ಇಂಡಿಯಾಮನ್’ ಎಂಬ ಬಸ್ಸೊಂದು ಲಂಡನ್ನಿನಿಂದ ಹೊರಟು, ಯೂರೋಪು, ತುರ್ಕಿ, ಇರಾನು, ಪಾಕಿಸ್ತಾನಗಳನ್ನು ಹಾದು ಜೂನ್ 5ರಂದು ಕಲ್ಕತ್ತೆಯನ್ನು ಮುಟ್ಟಿತ್ತು. ಹೋಗುವ ದಾರಿಯ ಖರ್ಚು 85 ಪೌಂಡು. ಐವತ್ತು ದಿನಗಳಿಗೂ ಹೆಚ್ಚು ಕಾಲ ಬಸ್ಸಿನಲ್ಲಿದ್ದ ಆ ಪುಣ್ಯಾತ್ಮರ ಮುಂದೆ ನಮ್ಮ ಹತ್ತೊಂಬತ್ತು ದಿನ ಯಾವ ಲೆಕ್ಕ? ನಮ್ಮ ಮೈಸೂರು ಸೀಮೆಯ ಹಿರಿಯರೇನೂ ಕಡಿಮೆಯವರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವವಾದಾಗ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸುಗಳಲ್ಲಿ ಕುಳಿತು, ಏರು ಬಂದಲ್ಲಿ ಇಳಿದು ತಳ್ಳಿ, ಮತ್ತೆ ಹತ್ತಿ ಕುಳಿತವರು ಅವರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರವು 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಇಲಾಖೆಯನ್ನು ಆರಂಭಿಸಿದ ಮೇಲೆ ಜನರ ಪಾಡು ತುಸು ಸುಧಾರಿಸಿತು. 1961ರಲ್ಲಿ ಆ ಇಲಾಖೆಯೇ ನಿಗಮವಾಯಿತು.

ನಮ್ಮ ಬಸ್ಸಿನ ಆಸನಗಳು ಹಿಂದಕ್ಕೆ ಒರಗುವಂಥವು; ಮೆತ್ತನೆಯವು. ಮೊದಲ ರಾತ್ರಿ ನಾನು ಬಹಳ ಸಂತೋಷಪಟ್ಟೆ. ಬೆಳಗಾಗುವಷ್ಟರಲ್ಲಿ ಆ ಮೆತ್ತೆಯ ದೋಷ ಹೊರಬಿತ್ತು. ನಮ್ಮ ಹಳ್ಳಿಯ ವಯಸ್ಸಾದ ಹೆಂಗಸರ ಎತ್ತರಕ್ಕೆ ಆ ಆಸನ ಹೆಚ್ಚು. ಹಿಂದಕ್ಕೆ ಒರಗಿ ಕುಳಿತರೆ ದೊಡ್ಡಮ್ಮನ ಪಾದ ನೆಲಕ್ಕೆ ತಾಕುತ್ತಲೇ ಇರಲಿಲ್ಲ. ಆಸನದ ಅಂಚು ಮಂಡಿಯ ಹಿಂಭಾಗವನ್ನು ರಾತ್ರಿಯೆಲ್ಲ ಒತ್ತುತ್ತಿತ್ತು. ಹೈದರಾಬಾದಿನ ಹೊತ್ತಿಗೆ ಕಾಲುಂಗುರ ಬಿಗಿದು ಬೆರಳುಗಳು ಊದಿಕೊಂಡಿದ್ದವು. “ವಾಯು ಕಣ್ ಮಗ, ಇಳುದ್ರೆ ಸರಿಹೋಯ್ತದೆ” ಎಂದರು. ನಾನೂ ನಂಬಿದೆ.

ವಾಯುವಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಜರ್ಮನರು ಬಾಂಬು ಸುರಿಸುತ್ತಿದ್ದಾಗ ಜನ ರಾತ್ರಿಯೆಲ್ಲ ನೆಲಮಾಳಿಗೆಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ಕುಳಿತೇ ಕಾಲ ಕಳೆಯಬೇಕಾಗಿತ್ತು. ಬಾಂಬಿನಿಂದ ಪಾರಾದವರಲ್ಲಿ ಕೆಲವರು ಬೆಳಿಗ್ಗೆ ಎದ್ದು ನಿಂತೊಡನೆ ಕುಸಿದು ಸಾಯತೊಡಗಿದರು. ಕುರ್ಚಿಯ ಮರದ ಅಂಚು ತೊಡೆಯ ಹಿಂಭಾಗವನ್ನು ಒತ್ತಿ, ಕಾಲಿನ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಏರುತ್ತಿದೆಯೆಂದು ಕೀತ್ ಸಿಂಪ್ಸನ್ ಎಂಬ ವೈದ್ಯರು ಆ ವರ್ಷವೇ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ವಿಸ್ತರಿಸಿತು: ನಾಲ್ಕು ಗಂಟೆಗೆ ಮೀರಿ ಕದಲದೆ ಕುಳಿತು ಪ್ರಯಾಣ ಮಾಡಿದರೆ, ವಿಮಾನವಾಗಲಿ, ರೈಲಾಗಲಿ, ಬಸ್ಸಾಗಲಿ, ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆ. ಗಾಬರಿಪಡಬೇಕಾದದ್ದಿಲ್ಲ, ಆ ಸಂಭವ ಮೊದಲೇ ಬಹಳ ಸ್ವಲ್ಪ, ಎರಡರಷ್ಟಾದರೂ ಸ್ವಲ್ಪವೇ. ಪಾದವನ್ನು ಆಗಾಗ ಮೇಲಕ್ಕೂ ಕೆಳಕ್ಕೂ ಆಡಿಸುವುದು, ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು, ಸಾಕಷ್ಟು ನೀರು ಕುಡಿಯುವುದು: ಇಷ್ಟೇ ಔಷಧ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ, ಅಥವಾ ಉಸಿರು ಸಿಕ್ಕಿಕೊಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇದನ್ನೆಲ್ಲ ನಾನು ಓದಿದ್ದು ಹಿಂದಿರುಗಿ ಬಂದ ಮೇಲೆ. ಬಸ್ಸಿನಲ್ಲಿದ್ದಾಗ ನನ್ನ ಕೈಯಲ್ಲಿದ್ದದ್ದು ಒಂದು ಕಾದಂಬರಿ.

ಮೂರನೆಯ ದಿನ ನಾಗಪುರವನ್ನು ಬಿಟ್ಟಾಗ ಹೊತ್ತು ನೆತ್ತಿಗೇರಿತ್ತು. ಆ ಸೀಮೆಯ ಮೇ ತಿಂಗಳ ಬಿಸಿಲು ನಮ್ಮ ಕಾವೇರಿ ದಡದವರ ಊಹೆಗೆ ನಿಲುಕುವಂಥದಲ್ಲ. ಕಿಟಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಒಲೆಯ ಝಳ. ಅಲ್ಲಿಂದ ಉತ್ತರಕ್ಕೆ ರಸ್ತೆ ಪೇಂಚ್ ಕಾಡಿನ ನಡುವೆ ಹಾಯುತ್ತದೆ. ಹುಲಿ ಜಿಂಕೆಗಳು ಕೆಳಗೆ ನಡೆದುಹೋಗಲೆಂದು ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಅದನ್ನು ತೋರಿಸಬೇಕೆಂದು ದೊಡ್ಡಮ್ಮನ ಕಡೆ ತಿರುಗಿದೆ. ಅವರ ತುಟಿ ಒಣಗಿ ಬಿರಿದಿತ್ತು. ಕಣ್ಣು ಎಲ್ಲಿಯೋ ನೆಟ್ಟಿತ್ತು. “ಇಳೀಬೇಕು” ಎಂದು ಎದ್ದವರು ಎರಡು ಹೆಜ್ಜೆ ಇಡುವಷ್ಟರಲ್ಲಿ ನಡುದಾರಿಯಲ್ಲೇ ಕುಸಿದುಬಿದ್ದರು.

ಮುಂದಿನ ಊರಿನಲ್ಲಿ ಬಸ್ಸು ನಿಲ್ಲಿಸಿ ಒಂದು ಚಿಕ್ಕ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿಯ ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ, ನನ್ನ ಕಡೆ ತಿರುಗಿ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಇವರು ನೀರು ಕುಡಿದು ಎಷ್ಟು ಹೊತ್ತಾಯಿತು? ನನಗೆ ಉತ್ತರ ತಿಳಿಯದು. ಮೂರು ದಿನದಿಂದ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದೇನೆ. ಅವರು ಬೆಳಿಗ್ಗೆ ಅರ್ಧ ಲೋಟ ಕಾಫಿಯ ಹೊರತು ಏನನ್ನೂ ಕುಡಿದಿಲ್ಲವೆಂಬುದು ನನಗೆ ಗೊತ್ತಿಲ್ಲ! ಎರಡು ಬಾಟಲಿ ಲವಣದ ನೀರು ನರದೊಳಗೆ ಇಳಿದ ಮೇಲೆ ದೊಡ್ಡಮ್ಮ ಮೆಲ್ಲಗೆ ಮಾತನಾಡಿದರು.

“ನೀರ್ ಕುಡುದ್ರೆ ಎದ್ದೋಗ್ಬೇಕಾಯ್ತದಲ್ಲ ಮಗ. ಅಷ್ಟು ಜನ ಗಂಡುಸ್ರ ಮುಂದೆ ಬಸ್ ನಿಲ್ಸಿ ಅಂತ ನಾನೆಂಗೆ ಬಾಯ್ಬುಡ್ಲಿ?”

ಬಸ್ಸಿಗೆ ಹಿಂದಿರುಗಿದ ಮೇಲೆ ಮಿಕ್ಕ ಹೆಂಗಸರನ್ನು ವಿಚಾರಿಸಿದರೆ ಎಲ್ಲರದೂ ಅದೇ ಕಥೆ. ಒಬ್ಬಾಕೆ ಹೊರಡುವ ಹಿಂದಿನ ದಿನದಿಂದಲೇ ನೀರನ್ನು ಅಳೆದು ಕುಡಿಯುತ್ತಿದ್ದಳು. ಇನ್ನೊಬ್ಬಾಕೆ ಸಕ್ಕರೆ ಕಾಯಿಲೆಯವಳು. ಬಾಯಿ ಒಣಗಿದಾಗ ಒಂದು ಏಲಕ್ಕಿಯನ್ನು ದವಡೆಗಿಟ್ಟುಕೊಳ್ಳುತ್ತಿದ್ದಳು. ಗಂಡಸರಿಗೆ ಈ ಚಿಂತೆ ಎಲ್ಲಿಯದು? ರೈಲ್ವೆ ಗೇಟು ಬಿದ್ದರೆ, ಟೈರಿನ ಗಾಳಿ ನೋಡಲು ನಿಂತರೆ, ಇಳಿದು ಬೇಲಿಯ ಕಡೆ ಮುಖ ಮಾಡಿದರೆ ಮುಗಿಯಿತು. ಬಸ್ಸು ನಿಂತಿತ್ತಲ್ಲ ಎನ್ನುತ್ತೇವೆ ನಾವು. ಅದು ನಿಂತದ್ದು ಅರ್ಧ ಬಸ್ಸಿಗೆ ಮಾತ್ರ. ಪೆಟ್ರೋಲ್ ಬಂಕುಗಳಲ್ಲಿ ಕುಡಿಯುವ ನೀರನ್ನೂ ಶೌಚಾಲಯವನ್ನೂ ಸಾರ್ವಜನಿಕರಿಗೆ ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಆದರೆ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಎಲ್ಲಿದೆಯೋ ತಿಳಿಯದೆಂದು ಹೇಳುವ ಬಂಕುಗಳನ್ನೂ ನಾವು ಆ ದಾರಿಯಲ್ಲಿ ಕಂಡೆವು.

ಯಾತ್ರೆಯನ್ನು ನಡೆಸುತ್ತಿದ್ದ ಮಹಾಶಯರಿಗೆ ಕೋಪ ಬಂದಿತ್ತು. ಮೂರು ಗಂಟೆ ಕಾಲ ಹಾಳಾಯಿತೆಂದು. ಆಗ ಎದ್ದು ನಿಂತವರು ತಿರುಮಕೂಡಲಿನ ಕಡೆಯ, ನಿವೃತ್ತರಾದ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು. ಬಸ್ಸಿನಲ್ಲಿ ಎಲ್ಲರೂ ಅವರನ್ನು ‘ಮೇಡಮ್ಮ’ ಎನ್ನುತ್ತಿದ್ದರು. ಅವರು ಯಾರನ್ನೂ ಬಯ್ಯಲಿಲ್ಲ. ಅಡುಗೆಯವರ ಪೂಜೆಯ ಪೆಟ್ಟಿಗೆಯಿಂದ ಕೈಗಂಟೆಯನ್ನು ತರಿಸಿ, ಅದಕ್ಕೆ ಉದ್ದನೆಯ ಲಾಡಿ ಕಟ್ಟಿ, ಡ್ರೈವರಿನ ಹಿಂದಿನ ಕಂಬಿಗೆ ತೂಗುಹಾಕಿದರು. ಲಾಡಿಯ ಇನ್ನೊಂದು ತುದಿ ಬಸ್ಸಿನ ನಡುವಿನವರೆಗೂ ಬರುತ್ತಿತ್ತು. “ನೋಡಿ ಡ್ರೈವರಣ್ಣ, ಈ ಗಂಟೆ ಬಾರಿಸಿದರೆ ನಿಲ್ಲಿಸಬೇಕು. ಯಾರು ಬಾರಿಸಿದ್ದು ಅಂತ ತಿರುಗಿ ನೋಡಬಾರದು, ಯಾಕೆ ಅಂತ ಕೇಳಬಾರದು. ಮೊದಲು ಹೆಂಗಸರು ಇಳೀತಾರೆ. ಅವರು ಹತ್ತಿದ ಮೇಲೆ ಗಂಡಸರು.” ಜೊತೆಗೆ ಎರಡು ಹಳೆಯ ಸೀರೆಗಳನ್ನು ಒಂದರ ಪಕ್ಕಕ್ಕೊಂದು ಹೊಲಿದು ಮರೆಯೊಂದು ಸಿದ್ಧವಾಯಿತು, ಬಂಕಿನ ಬಾಗಿಲಿಗೆ ಬೀಗವಿದ್ದಲ್ಲಿ ಅದೇ ಗತಿ. ಗಂಟೆ ಬಾರಲಿ ಬಾರದಿರಲಿ, ಎರಡು ಗಂಟೆಗೊಮ್ಮೆ ಬಸ್ಸು ಹೇಗೂ ನಿಲ್ಲಬೇಕೆಂಬುದು ಎರಡನೆಯ ಕಟ್ಟಳೆ.

ಈ ಕಟ್ಟಳೆಯನ್ನು ಮನಸಾರೆ ಸ್ವಾಗತಿಸಿದವರು ಡ್ರೈವರುಗಳು. ಐದು ಗಂಟೆಗಳ ದುಡಿಮೆಯಾದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕೆಂದು ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಹೇಳುತ್ತಿತ್ತು. ಆದರೆ ಕಾಯಿದೆಯ ಪುಸ್ತಕವನ್ನು ಹಿಡಿದು ಯಜಮಾನನ ಮುಂದೆ ನಿಲ್ಲುವ ಡ್ರೈವರನ್ನು ನಾನು ಕಂಡಿಲ್ಲ. ಯಾತ್ರಿಕರೇ ನಿಲ್ಲಿಸಿದರೆ ಅವನಿಗೂ ಚಹಾ, ಅವನ ಕಣ್ಣಿಗೂ ವಿಶ್ರಾಂತಿ. ರಾತ್ರಿ ಹನ್ನೊಂದರ ಮೇಲೆ ಬಸ್ಸು ಓಡಬಾರದೆಂದೂ ಆಗಲೇ ಗೊತ್ತುಮಾಡಿಕೊಂಡೆವು. ಕಾಶಿಯನ್ನು ಒಂದು ದಿನ ತಡವಾಗಿ ಮುಟ್ಟಿದೆವು. ವಿಶ್ವನಾಥನು ಅಷ್ಟು ಹೊತ್ತೂ ಅಲ್ಲಿಯೇ ಇದ್ದನು.

ಕಾಲಿನ ವಿಷಯಕ್ಕೂ ಪರಿಹಾರ ದೊರೆಯಿತು. ಐದು ಸೇರಿನ ಅಕ್ಕಿಯ ಚೀಲಗಳನ್ನು ಆಸನಗಳ ಮುಂದೆ ಇಟ್ಟು ಅದರ ಮೇಲೆ ಪಾದವಿಟ್ಟುಕೊಳ್ಳುವುದು. ಮಂಡಿ ತುಸು ಮೇಲಕ್ಕೆದ್ದು ಆಸನದ ಅಂಚಿನ ಒತ್ತಡ ತಪ್ಪಿತು. ಅನ್ನದ ಮೇಲೆ ಕಾಲಿಡುವುದೇ ಎಂದು ಕೆಲವರು ಹಿಂಜರಿದದ್ದರಿಂದ ಅವರಿಗೆ ಜಮಖಾನದ ಸುರುಳಿ. ದೊಡ್ಡಮ್ಮನ ಊತ ಎರಡು ದಿನದಲ್ಲಿ ಇಳಿದು ಕಾಲುಂಗುರ ಸಡಿಲವಾಯಿತು.

ಕುಡಿಯುವುದಕ್ಕೆ ಬರಿಯ ನೀರೇ ಆಗಬೇಕೆಂದಿಲ್ಲ. ಬೇಸಿಗೆಯಲ್ಲಿ ಬೆವರಿನೊಡನೆ ಉಪ್ಪೂ ಹೋಗುತ್ತದೆ. ಒಂದು ಲೀಟರು ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹಾದ ಚಮಚದಲ್ಲಿ ತಲೆಗಟ್ಟಿದ ಅಳತೆ. ವಾಂತಿ ಭೇದಿಗಳಾದಾಗ ಮನೆಯಲ್ಲೇ ಮಾಡಿ ಕೊಡಬಹುದಾದ ಪಾನಕ ಇದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಿಕೊಳ್ಳತಕ್ಕದ್ದು. ನಮ್ಮ ಅಡುಗೆಯವರು ಇದಲ್ಲದೆ ತೆಳ್ಳನೆಯ ರಾಗಿ ಅಂಬಲಿಗೆ ಮಜ್ಜಿಗೆ ಬೆರಸಿ ಬೆಳಿಗ್ಗೆ ಹನ್ನೊಂದಕ್ಕೊಮ್ಮೆ ಕೊಡುತ್ತಿದ್ದರು. ಅದನ್ನು ಕುಡಿದ ಮೇಲೆ ದಾರಿಯ ಕರಿದ ತಿಂಡಿಗಳ ಕಡೆ ಯಾರ ಮನಸ್ಸೂ ಹೋಗಲಿಲ್ಲವೆಂದು ಬರೆದರೆ ಸುಳ್ಳಾದೀತು. ಪ್ರಯಾಗದ ಕಚೋರಿಯ ಫಲವನ್ನು ನಾನೇ ಒಂದು ರಾತ್ರಿ ಅನುಭವಿಸಿದೆ. ಆ ರಾತ್ರಿ ಗಂಟೆ ಬಾರಿಸಿದವನೂ ನಾನೇ.

ಸೋನೌಲಿಯ ಗಡಿಯಲ್ಲಿ ಅರ್ಧ ದಿನ ಹೋಯಿತು. ಭಾರತೀಯರಿಗೆ ವೀಸಾ ಬೇಕಿಲ್ಲ, ಪಾಸ್‌ಪೋರ್ಟು ಇಲ್ಲವೆ ಮತದಾರರ ಗುರುತಿನ ಚೀಟಿ ಇದ್ದರೆ ಸಾಕು. ಬಸ್ಸಿಗೆ ಮಾತ್ರ ದಿನದ ಲೆಕ್ಕದಲ್ಲಿ ಸುಂಕ ಕಟ್ಟಿ ರಹದಾರಿ ಪಡೆಯಬೇಕು. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರ ಅರವತ್ತು. ಆಗ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ಅಲ್ಲಿ ಮಾನ್ಯತೆಯಿರಲಿಲ್ಲ. ಆದ್ದರಿಂದ ಹೆಂಗಸರ ಸೊಂಟದ ಚೀಲಗಳು ನೂರರ ಕಂತೆಗಳಿಂದ ಉಬ್ಬಿದ್ದವು. ಗಡಿ ದಾಟಿದೊಡನೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕು. ಈ ಹದಿನೈದು ನಿಮಿಷ ಯಾರ ಗಂಟು ಎಂದು ದೊಡ್ಡಮ್ಮ ಕೇಳಿದ ಪ್ರಶ್ನೆಗೆ ಎಂ.ಎ. ಪದವೀಧರನಾದ ನನ್ನಿಂದ ಸಮರ್ಪಕವಾದ ಉತ್ತರ ದೊರೆಯಲಿಲ್ಲ.

ಬುಟವಲ್‌ನಿಂದ ನಾರಾಯಣಗಢದವರೆಗಿನ ರಸ್ತೆಯನ್ನು ಆ ವರ್ಷ ಅಗಲಗೊಳಿಸುತ್ತಿದ್ದರು. ಧೂಳಿನ ಮೋಡದೊಳಗೆ ಬಸ್ಸು ತೆವಳುತ್ತಿತ್ತು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಕುಳಿತೆವು. ಇಂಥ ಹಾದಿಯಲ್ಲಿ ಹಿಂದಿನ ಗಾಲಿಗಳಾಚೆಯ ಆಸನಗಳಲ್ಲಿ ಕುಳಿತವರ ಪಾಡು ಹೇಳತೀರದು. ಬಸ್ಸಿನ ಹಿಂಭಾಗ ಗಾಲಿಯಿಂದಾಚೆ ಚಾಚಿಕೊಂಡಿರುವುದರಿಂದ ಪ್ರತಿ ಹಳ್ಳದ ಏಟೂ ಅಲ್ಲಿ ಇಮ್ಮಡಿಯಾಗಿ ಚಿಮ್ಮುತ್ತದೆ. ಮುದುಕರಿಗೂ ಸೊಂಟನೋವಿನವರಿಗೂ ಎರಡು ಜೊತೆ ಗಾಲಿಗಳ ನಡುವಣ ಆಸನವೇ ಯೋಗ್ಯ. ನಾವು ಕಾಶಿಯನ್ನು ಬಿಟ್ಟ ಮೇಲೆ ಹಿಂದಿನ ಸಾಲನ್ನು ಕಾಲೇಜಿನ ಹುಡುಗರಿಬ್ಬರಿಗೂ ನನಗೂ ವಹಿಸಲಾಗಿತ್ತು. ಮುಂಗಡವಾಗಿ ಹಣ ಕೊಟ್ಟವರಿಗೆ ಮುಂದಿನ ಆಸನವೆಂಬ ಪದ್ಧತಿಯನ್ನು ಯಾರು ಕಂಡುಹಿಡಿದರೋ ಕಾಣೆ. ವಯಸ್ಸನ್ನೂ ಮಂಡಿಯನ್ನೂ ನೋಡಿ ಹಂಚುವುದು ನ್ಯಾಯ.

ನಾರಾಯಣಗಢದಿಂದ ಮುಗ್ಲಿಂಗಿಗೆ ದಾರಿ ತ್ರಿಶೂಲಿ ನದಿಯ ದಂಡೆಯನ್ನು ಹಿಡಿದು ಹೋಗುತ್ತದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಆಳದಲ್ಲಿ ಬೂದಿಬಣ್ಣದ ನೀರು. ಮಳೆಗಾಲದಲ್ಲಿ ಈ ದಾರಿಯನ್ನು ನಂಬಬಾರದು. ನಾವು ಹೋಗಿ ಬಂದ ಮರು ವರ್ಷ, 2024ರ ಜುಲೈ 12ರ ನಸುಕಿನಲ್ಲಿ, ಸಿಮಲ್ತಾಲದ ಬಳಿ ಗುಡ್ಡ ಕುಸಿದು ಎರಡು ಬಸ್ಸುಗಳು ಪ್ರಯಾಣಿಕರೊಡನೆ ಇದೇ ನದಿಗೆ ಕೊಚ್ಚಿಹೋದವು. ಆ ಸುದ್ದಿ ಬಂದ ದಿನ ದೊಡ್ಡಮ್ಮ ಊಟ ಮಾಡಲಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅತ್ತ ಹೋಗದಿರುವುದು ಲೇಸು. ಹೋಗಲೇಬೇಕಾದರೆ ಹಗಲಿನಲ್ಲಿ ಮಾತ್ರ.

ತಿರುವುಗಳಲ್ಲಿ ವಾಂತಿಯ ಕಾಟ ಶುರುವಾಯಿತು. ಕಿವಿಯೊಳಗಿನ ತೂಕದ ಅಂಗವು ದೇಹ ಓಲಾಡುತ್ತಿದೆಯೆಂದು ಹೇಳುತ್ತದೆ. ಬಸ್ಸಿನೊಳಗನ್ನೇ ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವಾಗಿದೆಯೆಂದು ಸಾಕ್ಷಿ ನುಡಿಯುತ್ತದೆ. ಈ ಎರಡು ಸಾಕ್ಷಿಗಳ ವ್ಯಾಜ್ಯದಲ್ಲಿ ದಂಡ ತೆರುವುದು ಹೊಟ್ಟೆ. ಆದುದರಿಂದ ಮೊಬೈಲನ್ನು ಒಳಗಿಟ್ಟು, ಮುಂದಿನ ಗಾಜಿನಾಚೆ ದೂರದ ದಾರಿಯನ್ನೇ ನೋಡುತ್ತಿರಬೇಕು. ಡ್ರೈವರಿಗೆ ವಾಂತಿ ಬರದಿರುವ ಗುಟ್ಟು ಇದೇ. ಗುಳಿಗೆ ನುಂಗುವವರು ಹೊರಡುವ ಮುಂಚೆಯೇ ನುಂಗಬೇಕು, ವಾಂತಿ ಮೊದಲಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಂಬೆಯ ಹಣ್ಣನ್ನು ಮೂಸುತ್ತಿದ್ದವರೂ ಶುಂಠಿಯನ್ನು ಅಗಿಯುತ್ತಿದ್ದವರೂ ತಮಗೆ ಅದರಿಂದಲೇ ಗುಣವಾಯಿತೆಂದು ಸಾಧಿಸಿದರು. ಇರಬಹುದು.

ಪಶುಪತಿನಾಥನ ಗುಡಿಯ ವರ್ಣನೆಯನ್ನು ಇಲ್ಲಿ ಮಾಡುವುದಿಲ್ಲ. ಗರ್ಭಗುಡಿಯ ಭಟ್ಟರು ಪರಂಪರೆಯಾಗಿ ದಕ್ಷಿಣದವರು, ಈಚಿನ ಕಾಲದಲ್ಲಿ ನಮ್ಮ ಕರ್ನಾಟಕದವರೇ. 2008–09ರಲ್ಲಿ ಅವರ ಬದಲಿಗೆ ನೇಪಾಳದವರನ್ನು ನೇಮಿಸಲು ಅಲ್ಲಿಯ ಸರ್ಕಾರ ಹೊರಟಾಗ ದೊಡ್ಡ ಗದ್ದಲವೆದ್ದು ಹಳೆಯ ಪದ್ಧತಿಯೇ ಉಳಿಯಿತು. ಇದನ್ನು ಕೇಳಿ ನಮ್ಮವರ ಬೆನ್ನು ನೋವು ಅರ್ಧ ಕಡಿಮೆಯಾಯಿತೆಂದಷ್ಟೇ ಹೇಳಬಲ್ಲೆ. ಮುಕ್ತಿನಾಥಕ್ಕೆ ಮಾತ್ರ ವಯಸ್ಸಾದವರನ್ನು ಕರೆದೊಯ್ಯಲಿಲ್ಲ. ಅದು 3700 ಮೀಟರಿಗೂ ಎತ್ತರ. ಮೈಸೂರಿನ ಎತ್ತರ 770ರಷ್ಟು. ಒಂದೇ ಸಮನೆ ಅಷ್ಟೆತ್ತರಕ್ಕೆ ಏರಿದರೆ ಎಳೆಯರಿಗೂ ತಲೆ ಸಿಡಿಯುತ್ತದೆ. ಹೋಗಿ ಬಂದ ಎಂಟು ಮಂದಿ ತಂದ ತೀರ್ಥವನ್ನು ಮಿಕ್ಕವರು ಪೊಖರಾದಲ್ಲಿ ಕುಳಿತು ತಲೆಯ ಮೇಲೆ ಚಿಮುಕಿಸಿಕೊಂಡರು.

ಬರುವ ದಾರಿಯಲ್ಲಿ ಗಂಟೆಗೆ ಯಾರ ಲಜ್ಜೆಯೂ ಉಳಿದಿರಲಿಲ್ಲ. ಒಂದು ಸಲ ಒಬ್ಬಾಕೆ ಗಂಗೆಯ ಬಯಲಿನಲ್ಲಿ ಮಾವಿನ ತೋಪನ್ನು ಕಂಡು, ಅದರ ನೆರಳು ಚೆನ್ನಾಗಿದೆಯೆಂಬ ಕಾರಣಕ್ಕೇ ಬಾರಿಸಿದಳು. ಡ್ರೈವರು ತಿರುಗಿ ನೋಡದೆ ನಿಲ್ಲಿಸಿದ. ಯಾತ್ರೆಯ ಯಜಮಾನರೂ ಇಳಿದು ಆ ನೆರಳಿನಲ್ಲಿ ಕಾಲು ಚಾಚಿದರು.

ಹತ್ತೊಂಬತ್ತನೆಯ ದಿನ ನಡು ಮಧ್ಯಾಹ್ನ ಕನಕಪುರವನ್ನು ದಾಟಿದೆವು. ಮಳವಳ್ಳಿ ಬಂತು. ಜನ ಚೀಲಗಳನ್ನು ತೊಡೆಯ ಮೇಲೆ ತೆಗೆದಿರಿಸಿಕೊಂಡು, ತಲೆ ಬಾಚಿಕೊಂಡು, ಗಂಗೆಯ ತಂಬಿಗೆಗಳನ್ನು ಎಣಿಸುತ್ತಿದ್ದರು. ಊರಿನಿಂದ ಫೋನುಗಳು ಬರುತ್ತಿದ್ದವು. ವಾದ್ಯದವರು ಆಗಲೇ ಬಂದು ನಿಂತಿದ್ದಾರಂತೆ. ಆಗ ಗಂಟೆ ಬಾರಿಸಿತು.

ಡ್ರೈವರು ಮೊತ್ತಮೊದಲ ಬಾರಿಗೆ ಕಟ್ಟಳೆ ಮೀರಿ ಹಿಂದಿರುಗಿ ನೋಡಿದ. ಲಾಡಿ ದೊಡ್ಡಮ್ಮನ ಕೈಯಲ್ಲಿತ್ತು.

“ಇನ್ನರ್ಧ ಗಂಟೇಲಿ ಊರು ಅಜ್ಜಿ” ಎಂದ.

“ಊರು ಎಲ್ಲಿಗೂ ಓಡೋಗಕಿಲ್ಲ. ನಿಲ್ಸಪ್ಪ” ಎಂದು ಅವರು ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಇಳಿದುಹೋದರು. ಬಾಟಲಿ ಬರಿದಾಗಿತ್ತು.